ನಿನ್ನೆಗಿಂತ ಚೆನ್ನಾಗಿದೆ

ರೀ,

ಹಾಲು ಕಾಯಿಸಿಟ್ಟಿದ್ದೇನೆ. ಅಡುಗೆ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ, ಆಮೇಲೆ ಗ್ಯಾಸ್ ಆರಿಸಿ. ಗೀಸರ್ ರಿಪೇರಿಯವನು ಬಂದರೆ ಅವನು ಹೇಳುವುದನ್ನಾದರೂ ಪೂರ್ತಿ ಕೇಳಿಸಿಕೊಳ್ಳಿ.

ನಾನು ಲೈಬ್ರರಿಗೆ ಹೋಗಿದ್ದೇನೆ. ಪ್ರತಿ ವರ್ಷ ಈ ಒಂದೇ ತಿಂಗಳಲ್ಲಿ, ದಿನಕ್ಕಿಷ್ಟು ಪದ ಅಂತ, ಕಾದಂಬರಿ ಬರೆದು ಮುಗಿಸುವ ಪಂಥ ಕಟ್ಟುವವರು ಅಲ್ಲಿ ಸೇರುತ್ತಾರಂತೆ. ಇನ್ನು ಮೇಲೆ ಅವರ ಜೊತೆ ಬರೆಯುತ್ತೇನೆ.

"ಮನೇಲಿ ಮಾತೇ ನಿಂತುಹೋಗಿದೆ ಕಣೇ, ಈ ವರ್ಷ ಇಬ್ರೂ ಒಟ್ಟಿಗೆ ಬರಿಯೋಣ, ದಿನಾ ಸಂಜೆ ಒಬ್ರಿಗೊಬ್ರು ಓದಿ ಹೇಳೋಣ" ಅಂದವರು ನೀವು. ನಾನೊಬ್ಬಳು ಹುಚ್ಚಿ, ಕುಣಿದುಕೊಂಡು ಒಪ್ಪಿದೆ. ನಿಮ್ಮ ಕಾದಂಬರಿಯ ಪತ್ತೇದಾರ ತನ್ನ ಕೊಡೆಯನ್ನು ಎಲ್ಲಿ ಮರೆತುಬಂದ ಎಂಬುದು ನಿಮಗೇ ನೆನಪಾಗದಿದ್ದಾಗ ಹೇಳಿಕೊಟ್ಟವಳು ನಾನು. ನಾನು ಓದುವಾಗ ಮಾತ್ರ ನೀವು ನಿಮ್ಮ ಪದ ಎಣಿಸುತ್ತಾ ಕೂತಿರುತ್ತೀರಿ. ಬರೆಯುವುದಕ್ಕೆ ಯಾರಿಗೂ ಜೊತೆ ಬೇಕಿಲ್ಲ ರೀ. ಬರೆದದ್ದನ್ನು ಕೇಳುವ ಕಿವಿ ಬೇಕು ಅಂತ ಜನ ಜೊತೆ ಸೇರುತ್ತಾರೆ.

ಮೊನ್ನೆ ಓದಿದ ಪುಟವನ್ನೇ ನಿನ್ನೆ ಬೇಕೆಂದೇ ಮತ್ತೆ ಓದಿದೆ. ಒಂದಕ್ಷರವನ್ನೂ ಬದಲಿಸಿರಲಿಲ್ಲ. ನೀವು ತಲೆ ಎತ್ತದೆ, "ನಿನ್ನೆಗಿಂತ ಚೆನ್ನಾಗಿದೆ" ಅಂದಿರಿ.

ಆ ಪುಟ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗಿದೆ. ಈಗಲಾದರೂ ಓದಿ. ಅದರಲ್ಲಿ ಗಂಡ ಸತ್ತಿದ್ದಾನೆ. ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಾ ಅಳುತ್ತಾಳೆ. ಬರೆಯುವಾಗ ನಾನೂ ಅತ್ತಿದ್ದೆ.

ನಿಮ್ಮ ಅಂಗಿಗೆ ಇವತ್ತು ಇಸ್ತ್ರಿ ಹಾಕಿಲ್ಲ.