ಧೂಳು ತಿಂದ ಎದೆಗೆ ಜ್ವರ ಬರುವುದಿಲ್ಲವಂತೆ

ತಾಲ್ಲೂಕಿನ ಆರೋಗ್ಯ ಕಾಯುವ ದೊಡ್ಡ ಸಾಹೇಬರಿಗೆ,

ಇವತ್ತು ಏಕಾದಶಿ. ನೀರಿನ ಮೇಲಿದ್ದೇನೆ. ಬೆಳಿಗ್ಗೆ ಎದ್ದು ಒಳಗಿನ ಕಸ ಗುಡಿಸಿ, ದೇವರ ಸಾಮಾನು ಬೆಳಗಿ, ಹಿತ್ತಲ ತುಳಸಿಯ ಮೇಲೆ ಕೂತಿದ್ದ ಕೆಂಪು ಧೂಳನ್ನು ಒದ್ದೆ ಬಟ್ಟೆಯಿಂದ ಎಲೆ ಎಲೆಗೂ ಒರೆಸಿದೆ. ಮುಂಬಾಗಿಲು ಮಾತ್ರ ತೆರೆಯಲಿಲ್ಲ, ಅಂಗಳಕ್ಕೆ ನೀರು ಹಾಕಲಿಲ್ಲ. ಹಂದಿಜ್ವರದ ರೋಗಿಯ ಪಕ್ಕದಲ್ಲಿ ಆರು ದಿನ ಕೂತು ಬಂದವಳು ನಾನು; ಯಾರೂ ಹೇಳದೆ ನಾನೇ ಅಗುಳಿ ಹಾಕಿಕೊಂಡು ಇವತ್ತಿಗೆ ಆರನೇ ದಿನ. ಇಂಥ ಪತ್ರವನ್ನು ‘ಮಾನ್ಯರೇ’ ಎಂದು ಶುರು ಮಾಡುವುದು ಪದ್ಧತಿ. ಆ ಮಾತನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಮೊದಲು ದೂರು ಕೇಳಿ. ನೀವು ಮೈಕು ಹಿಡಿದು ಆಡಿದ ಒಂದು ತಮಾಷೆ ನಮ್ಮ ಓಣಿಯ ಏಳು ತಿಂಗಳ ಬಸುರಿಯನ್ನು ಆಕ್ಸಿಜನ್ ನಳಿಗೆಗೆ ಕಟ್ಟಿಹಾಕಿದೆ. ದೀಪಾವಳಿಗೆ ಮೂರು ದಿನ ಉಳಿದಿದೆ. ಅಷ್ಟರೊಳಗೆ ಆ ತಮಾಷೆಯನ್ನು ವಾಪಸು ತೆಗೆದುಕೊಳ್ಳಿ.

ಈಕೆ ಯಾರು ಎಂದು ನಿಮ್ಮ ಗುಮಾಸ್ತರು ಕೇಳಿಯಾರು. ಊರ ಶಾಲೆಯಲ್ಲಿ ಏಳನೇ ತರಗತಿ ಓದಿ, ತರಬೇತಿ ಮುಗಿಸಿ, ಇಪ್ಪತ್ತೆಂಟು ವರ್ಷ ನಿಮ್ಮದೇ ಇಲಾಖೆಯಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದವಳು. ಹೊಸಪೇಟೆಯಿಂದ ಸಂಡೂರಿನ ಹಾದಿ ಹಿಡಿದರೆ ಸಿಗುವ ಹಳ್ಳಿಗಳಲ್ಲಿ ನನ್ನ ಹೆಸರು ಬಲ್ಲವರು ಕಡಿಮೆ, ನರ್ಸಮ್ಮ ಎಂದರೆ ಎಲ್ಲರೂ ಮನೆ ತೋರಿಸುತ್ತಾರೆ. ಎರಡು ವರ್ಷದ ಹಿಂದೆ ಮೊಣಕಾಲು ಇನ್ನು ಬರಲಾರೆ ಎಂದಿತು, ಸ್ವಯಂ ನಿವೃತ್ತಿ ಪಡೆದೆ. ನನಗೆ ಐವತ್ತು, ನನ್ನ ಮಂಡಿಗೆ ಎಪ್ಪತ್ತು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಲು ಹೋಗಿ ಕಲ್ಲೇಟು ತಿಂದಿದ್ದೇನೆ, ಪೋಲಿಯೋ ಹನಿ ಹಾಕಲು ಹೋಗಿ ನಾಯಿ ಛೂ ಬಿಡಿಸಿಕೊಂಡಿದ್ದೇನೆ. ಜನರ ಬೈಗುಳ ನನಗೆ ಹೊಸದಲ್ಲ. ಆಗ ಬೈಯುವವರು ಎದುರಿಗಿರುತ್ತಿದ್ದರು, ಸಾಹೇಬರು ನಮ್ಮ ಬೆನ್ನಿಗಿರುತ್ತಿದ್ದರು. ಈ ಸಲ ಸಾಹೇಬರೇ ಆಚೆ ಕಡೆ ಸೇರಿಕೊಂಡು ನಕ್ಕರು, ಅದಷ್ಟೇ ಹೊಸದು.

ದಸರೆಗೆ ನಾಲ್ಕು ದಿನ ಮುಂಚೆ ನಮ್ಮೂರ ಶಾಲೆಯ ಅಂಗಳದಲ್ಲಿ ನೀವು ನಡೆಸಿದ ಜಾಗೃತಿ ಸಭೆ ನೆನಪಿದೆಯೇ? ಗುಂಪು ಸೇರಬಾರದು ಎಂದು ಹೇಳುವುದಕ್ಕಾಗಿ ಸೇರಿಸಿದ ಗುಂಪು ಅದು. ಮೂರು ಹಳ್ಳಿಯ ಮಂದಿಯನ್ನು ಟ್ರ್ಯಾಕ್ಟರಿನಲ್ಲಿ ಒತ್ತೊತ್ತಾಗಿ ತುಂಬಿ ತಂದು, ಪರಸ್ಪರ ಅಂತರವಿರಲಿ ಎಂದು ಬೋಧಿಸಿದಿರಿ. ‘ಕೈ ಕುಲುಕದಿರಿ’ ಎಂಬ ಬ್ಯಾನರಿನ ಕೆಳಗೆ ಹದಿನೇಳು ಜನರ ಕೈ ಕುಲುಕಿದಿರಿ. ಮುಂದಿನ ಸಾಲಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತ ನನಗೆ ಎಣಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಒಂದೇ ಮೈಕು ಆರು ಬಾಯಿಗಳ ಎಂಜಲು ಕಂಡಿತು. ನಿಮ್ಮ ಮಾಸ್ಕು ಗದ್ದದ ಮೇಲಿತ್ತು. ಗದ್ದಕ್ಕೆ ಜ್ವರ ಬರುವುದಿಲ್ಲ ಸಾಹೇಬರೇ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಗದ್ದವನ್ನೂ ನಾನು ಆಸ್ಪತ್ರೆಗೆ ಸೇರಿಸಿಲ್ಲ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆ. ಕೊನೆಗೆ ಹಿಂದಿನಿಂದ ಒಬ್ಬ ಎದ್ದು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ. “ಸಾಹೇಬ್ರ, ಅದು ನಮ್ಮಂಥೋರಿಗೂ ಬರ್ತೈತೇನ್ರಿ?” ನೀವು ನಕ್ಕಿರಿ. “ನೀವು ಅದಿರಿನ ಧೂಳು ತಿಂದು ಉಕ್ಕಾಗೀರಿ. ಈ ಎದಿಗೆ ಹಂದಿಜ್ವರ ಏನ್ ಮಾಡ್ತೈತಿ, ಬಂದ್ರ ಅದಕ್ಕ ಕೆಮ್ಮು ಹತ್ತತೈತಿ!” ಎಂದಿರಿ. ಅಂಗಳವೆಲ್ಲ ಚಪ್ಪಾಳೆ. ಒಂದೂವರೆ ತಾಸಿನ ಭಾಷಣದಲ್ಲಿ ಜನ ಮನೆಗೆ ಒಯ್ದದ್ದು ಆ ಒಂದು ಮಾತನ್ನು. ಧೂಳು ತಿಂದ ಎದೆ ಗಟ್ಟಿಯಾಗುತ್ತದೆ ಎಂದು ನಿಮಗೆ ಯಾವ ಕಾಲೇಜಿನಲ್ಲಿ ಕಲಿಸಿದರು? ಅಂಥ ಎದೆ ಜರಡಿಯಾಗಿರುತ್ತದೆ ಎಂದು ಏಳನೇ ತರಗತಿಯ ನಾನು ಬಲ್ಲೆ.

ಮಾರನೇ ದಿನದಿಂದ ನನ್ನ ಪಾಡು ಕೇಳಿ. ನಮ್ಮ ಓಣಿಯ ಎರಡು ಮನೆಗಳಲ್ಲಿ ಆಗಲೇ ಜ್ವರವಿತ್ತು. ನಾನು ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೊರಟರೆ ಎದುರು ಮನೆಯ ಪಾಲಪ್ಪ ಕಟ್ಟೆಯಿಂದಲೇ ಕೂಗಿದ: “ನರ್ಸಮ್ಮಾರ, ಎತ್ತಿನಂಗ ಬಾಯಿಕುಕ್ಕಿ ಹಾಕ್ಕಂಡೀರಲ್ಲ, ಯಾರ ಹೊಲ ಮೇಯಾಕ ಹೊಂಟೀರಿ?” ಹಾಗೆಂದವನ ಕೊರಳಿನಲ್ಲೇ ಟವೆಲ್ ಇತ್ತು. ಅದಿರು ಲಾರಿ ಬಂದಾಗ ಈ ಊರಿನ ಗಂಡಸರೆಲ್ಲ ಅದನ್ನು ಮೂಗಿಗೆ ಏರಿಸುತ್ತಾರೆ, ಲಾರಿ ಹೋದ ಮೇಲೆ ಇಳಿಸಿ ಒಬ್ಬರ ಮುಖಕ್ಕೊಬ್ಬರು ಕೆಮ್ಮುತ್ತಾರೆ. ನಾನು ಹೊಸ ಬಟ್ಟೆ ಕೊಳ್ಳಿ ಎಂದೆನೇ? ಕೊರಳಿನಲ್ಲಿರುವುದನ್ನು ನಾಲ್ಕು ಬೆರಳು ಮೇಲೆತ್ತಿ ಎಂದೆ. ಆ ನಾಲ್ಕು ಬೆರಳಿಗೆ ಇಷ್ಟು ಅಹಂಕಾರ!

ನಮ್ಮವರೇನು ಕಡಿಮೆಯೇ? ಗುಡಿಯಲ್ಲಿ ಪ್ರಭಂಜನಾಚಾರ್ಯರಿಗೆ, ತೀರ್ಥ ಕೊಡುವಾಗ ಮಂದಿ ದೂರ ದೂರ ನಿಲ್ಲಲಿ ಎಂದೆ. “ಸರಸ್ವತೀಬಾಯಿ, ಉಳ್ಳಾಗಡ್ಡಿನೇ ಮುಟ್ಟದವರಿಗೆ ಹಂದಿಜ್ವರ ಹ್ಯಾಂಗ ಬರ್ತದ?” ಎಂದು ಅವರು ಬಾಯಿ ತುಂಬ ನಕ್ಕರು. ಈ ಜ್ವರ ಪಂಕ್ತಿ ನೋಡಿ ಎಲೆ ಹಾಕುವುದಿಲ್ಲ ಆಚಾರ್ಯರೇ ಎಂದೆ. ಮಡಿಯಲ್ಲಿದ್ದೇನೆ, ದೂರ ನಿಲ್ಲಿ ಎಂದರೆ ಇಡೀ ಗುಡಿ ಸರಿದು ನಿಲ್ಲುತ್ತದೆ, ಯಾರೂ ಕಾರಣ ಕೇಳುವುದಿಲ್ಲ. ನನಗೆ ಕೆಮ್ಮು, ದೂರ ನಿಲ್ಲಿ ಎಂದು ಹೇಳಲು ಮಾತ್ರ ಎಲ್ಲರಿಗೂ ನಾಚಿಕೆ. ದೇವರ ಹೆಸರಿನಲ್ಲಿ ಬರುವ ಬುದ್ಧಿ ಪಕ್ಕದ ಮನುಷ್ಯನಿಗಾಗಿ ಯಾಕೆ ಬರುವುದಿಲ್ಲ?

ವಿಜಯದಶಮಿ, ಬನ್ನಿಯ ದಿನ ಬಂತು. ನಿಮಗೆ ನಾನು ವಿವರಿಸಬೇಕಿಲ್ಲ. ಆ ಸಂಜೆ ಇಡೀ ಊರು ಬೀದಿಗಿಳಿದು, ಕೈಗೆ ಕೈ ತಾಗಿಸಿ ಬನ್ನಿ ಎಲೆ ಕೊಟ್ಟು, ಕಾಲಿಗೆ ಬಿದ್ದು, ಕೆನ್ನೆ ಸವರಿ, ಬಂಗಾರದಂಗ ಇರೋಣ ಎನ್ನುತ್ತದೆ. ವರ್ಷದ ಜಗಳ ಆ ಎಲೆಯಿಂದ ಹರಿಯುತ್ತದೆ. ಅದನ್ನು ಬೇಡ ಎನ್ನುವುದೆಂದರೆ ಮನುಷ್ಯರನ್ನೇ ಬೇಡ ಎಂದಂತೆ. ನಾನು ಬೇಡ ಎನ್ನಲಿಲ್ಲ. ತಟ್ಟೆಯ ತುಂಬ ಎಲೆ ಹಾಕಿ ಕಟ್ಟೆಯ ಮೇಲಿಟ್ಟು, ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತು, ನೀವೇ ತಗೊಳ್ರಿ ಎಂದು ಕೈ ಮುಗಿದೆ. ಪಕ್ಕದ ಮನೆಯ ಭೀಮವ್ವ ತಟ್ಟೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಗೊತ್ತೈತಿ ಬಿಡ್ರಿ ಬಾಯಾರ. ಜ್ವರದ ನೆವ ಮಾಡಿ ಹಳೇ ಮಡಿ ಹೊರಗ ತೆಗದೀರಿ. ನಾವು ಮುಟ್ಟಬಾರ್ದು, ಅಷ್ಟ ಹೌದಲ್ಲ?”

ಸಾಹೇಬರೇ, ಆ ಓಣಿಯಲ್ಲಿ ಈ ಕೈ ಮುಟ್ಟದ ಬಾಣಂತಿಯಿಲ್ಲ. ಭೀಮವ್ವನ ಸೊಸೆ ಅನ್ನಪೂರ್ಣ ಇದೇ ಊರಿನ ಹುಡುಗಿ. ಇಪ್ಪತ್ನಾಲ್ಕು ವರ್ಷದ ಹಿಂದೆ ಲಾಟೀನಿನ ಬೆಳಕಿನಲ್ಲಿ ಅವಳನ್ನು ಈ ಲೋಕಕ್ಕೆ ಎಳೆದುಕೊಂಡದ್ದು ಇದೇ ಕೈ. ಏಳು ತಿಂಗಳ ಹೊಟ್ಟೆ ಹೊತ್ತು ಅತ್ತೆಯ ಹಿಂದೆಯೇ ನಿಂತಿದ್ದ ಆ ಹುಡುಗಿ ಅಂದಳು: “ನರ್ಸಮ್ಮಾರ, ನನಗಾದ್ರೂ ಕೈಯಾಗ ಕೊಡ್ರಿ. ನಾ ಹುಟ್ಟಿದಾಗ ಮೊದಲು ಹಿಡ್ದಿದ್ದು ಇದ ಕೈ ಅಲ್ಲೇನು?”

“ಬ್ಯಾಡವಾ, ಹೊಟ್ಟ್ಯಾಗಿಂದು ಹೊರಗ ಬರ್ಲಿ. ಎರಡೂ ಕೈಲೆ ಕೊಡ್ತೀನಿ” ಎಂದೆ. ಅವಳು ತಟ್ಟೆಯಿಂದ ಒಂದು ಎಲೆ ತೆಗೆದುಕೊಂಡು ಮುಖ ಸಣ್ಣದು ಮಾಡಿಕೊಂಡು ಹೋದಳು.

ಅರ್ಧ ತಾಸಿಗೆ ಗೋಡೆಯಾಚೆ ಭೀಮವ್ವನ ಅಂಗಳದಲ್ಲಿ ಕೆಮ್ಮು ಕೇಳಿತು. ಅವಳ ತಮ್ಮ ಉಚ್ಚೆಂಗೆಪ್ಪ ಬಂದಿದ್ದ. ರೈಲಿಗೆ ಅದಿರು ತುಂಬುವ ಕಡೆ ಕೆಲಸ. ಅನ್ನಪೂರ್ಣ, “ಮಾವಾ, ಭಾಳ ಕೆಮ್ಮಾಕತ್ತೀರಲ್ಲ” ಎಂದಳು. “ಏ, ಧೂಳಿನ ಕೆಮ್ಮವ್ವ ಇದು. ಮೂರು ಪಾಳಿ ಒಟ್ಟಿಗೆ ಮಾಡೀನಿ. ಬಾ ಇಲ್ಲಿ, ಬನ್ನಿ ತಗೋ, ಬಂಗಾರದಂಗಿರು.” ಗೋಡೆ ಗಿಡ್ಡದು, ನನಗೆ ಕಂಡಿತು. ಆ ಸಂಜೆಯ ಸೆಕೆಯಲ್ಲೂ ಕಂಬಳಿ ಹೊದ್ದಿದ್ದ. ಧೂಳಿನ ಕೆಮ್ಮು ಮುಂಜಾನೆ ಬಂದು ಮುಖ ತೊಳೆದರೆ ಹಗುರಾಗುತ್ತದೆ. ಇದು ಗಂಡಾಳನ್ನು ಗೋಡೆ ಹಿಡಿಸುವ ಕೆಮ್ಮು. ಅವನು ಅವಳ ಕೆನ್ನೆಗಳನ್ನು ಎರಡೂ ಅಂಗೈಯಲ್ಲಿ ಹಿಡಿದು ದೃಷ್ಟಿ ತೆಗೆದ. ಕೂಗಬೇಕೆಂದು ಬಾಯಿ ತೆರೆದೆ. ‘ಮಡಿ’ ಎಂಬ ಮಾತು ಕಿವಿಯಲ್ಲಿ ಇನ್ನೂ ಬಿಸಿಯಿತ್ತು. ಬಾಯಿ ಮುಚ್ಚಿಕೊಂಡೆ.

ಆ ಒಂದು ಗಳಿಗೆಯ ಮೌನ ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ; ನನ್ನ ದೇವರ ಮುಂದೆ ನಾನೇ ಹೊರುತ್ತೇನೆ. ಆದರೆ ಗುರುವಾರ ಅನ್ನಪೂರ್ಣಳಿಗೆ ಜ್ವರ ಏರಿದಾಗ ನಾನು ಸುಮ್ಮನಿರಲಿಲ್ಲ. ಹೊಸ್ತಿಲು ದಾಟಿ ಅವರ ಬಾಗಿಲಿಗೇ ಹೋಗಿ, ಈಗಲೇ ದೊಡ್ಡ ಆಸ್ಪತ್ರೆಗೆ ನಡೀರಿ ಎಂದೆ. ಭೀಮವ್ವ ಕಷಾಯ ಕಾಸುತ್ತ ಉತ್ತರ ಕೊಟ್ಟಳು: “ಸಾಹೇಬ್ರ ಅಂದಾರಲ್ಲ, ನಮ್ಮ ಎದಿಗೆ ಏನೂ ಆಗಂಗಿಲ್ಲಂತ. ನೀವು ಅವ್ರಕಿಂತ ಹೆಚ್ಚು ಓದೀರೇನ್ರಿ?” ಓದಿಲ್ಲ. ನಿಮ್ಮ ತಮಾಷೆ ಆ ಒಲೆಯ ಮುಂದೆ ಕೂತು ಎರಡು ದಿನ ಕಷಾಯ ಕುಡಿಸಿತು. ಶನಿವಾರ ಆ ಜಡಿಮಳೆಯಲ್ಲಿ ಹುಡುಗಿಯ ತುಟಿ ನೀಲಿಯಾದ ಮೇಲೆ ಅವಳ ಗಂಡ ಬಸವರಾಜ್ ಜೀಪು ತಂದ. ನಾನೂ ಹತ್ತಿದೆ. ಎರಡು ದಿನ ಮೊದಲು ಮಾತ್ರೆ ಬಿದ್ದಿದ್ದರೆ ಎಂದು ಅಲ್ಲಿಯ ಡಾಕ್ಟರು ಅರ್ಧ ಮಾತಾಡಿ ನಿಲ್ಲಿಸಿದರು. ಗಂಟಲಿನ ದ್ರವ ಬೆಂಗಳೂರಿಗೆ ಹೋಗಿ, ಹಂದಿಜ್ವರವೇ ಎಂದು ಕಾಗದ ಬರಲು ಮತ್ತೆ ನಾಲ್ಕು ದಿನ. ಈಗ ಬಸವರಾಜ್ ದಿನಾ ಫೋನು ಮಾಡುತ್ತಾನೆ. ಕೂಸಿನ ಎದೆಬಡಿತ ಕೇಳುತ್ತಿದೆ ಎಂದು ತಾನಾಗಿಯೇ ಹೇಳುತ್ತಾನೆ. ಅವಳ ಬಗ್ಗೆ ಕೇಳಿದರೆ “ಹಂಗ ಅದಾಳ್ರಿ” ಎಂದು ಫೋನು ಇಡುತ್ತಾನೆ.

ಉಚ್ಚೆಂಗೆಪ್ಪ ಗುಣವಾಗಿ ಮತ್ತೆ ಪಾಳಿಗೆ ಹೋಗಿದ್ದಾನೆ. ಜ್ವರವಿದೆ ಎಂದರೆ ಮಾರನೇ ದಿನ ಅವನ ಜಾಗದಲ್ಲಿ ಬೇರೆಯವನನ್ನು ಹಚ್ಚುತ್ತಾರಂತೆ. ಅದಕ್ಕೇ ಅವನ ಕೆಮ್ಮು ಯಾವಾಗಲೂ ಧೂಳಿನದು. ಗಣಿಯವರಿಗೂ ಅನುಕೂಲ, ನಿಮಗೂ ಅನುಕೂಲ, ಅಂಜಿಕೊಳ್ಳಲು ಮನಸ್ಸಿಲ್ಲದ ಊರಿಗೂ ಅನುಕೂಲ. ಇಷ್ಟು ಜನರಿಗೆ ಒಟ್ಟಿಗೆ ಅನುಕೂಲವಾದ ಸುಳ್ಳನ್ನು ನಾನು ಬೇರೆ ಕಂಡಿಲ್ಲ.

ಇದು ಮುಗಿದ ಕಥೆಯಾಗಿದ್ದರೆ ಉಪವಾಸದ ದಿನ ನಿಮ್ಮನ್ನು ಬೈದು ಪಾಪ ಕಟ್ಟಿಕೊಳ್ಳುತ್ತಿರಲಿಲ್ಲ. ದೀಪಾವಳಿಗೆ ಪಾಲಪ್ಪನ ಮಗಳು ಕಂಪ್ಲಿಯಿಂದ ತವರಿಗೆ ಬರುತ್ತಿದ್ದಾಳೆ. ಐದು ತಿಂಗಳ ಬಸುರಿ. ಓಣಿಯಲ್ಲಿ ಮೂವರು ಕೆಮ್ಮುತ್ತಿದ್ದಾರೆ, ಈ ವಾರ ಅವಳು ಅಲ್ಲೇ ಇರಲಿ ಎಂದು ನಿನ್ನೆ ಕಿಟಕಿಯಿಂದ ಕೂಗಿ ಹೇಳಿದೆ. ಪಾಲಪ್ಪ ಏನೆಂದ ಗೊತ್ತೇ? “ಅನ್ನಪೂರ್ಣಂದು ಅಕಿ ಹಣೇಬರ ನರ್ಸಮ್ಮಾರ. ನಮ್ಮ ಎದಿ ಉಕ್ಕು. ಸಾಹೇಬ್ರ ಸರ್ಟಿಫಿಕೇಟ್ ಕೊಟ್ಟಾರ!”

ಆ ಸರ್ಟಿಫಿಕೇಟನ್ನು ರದ್ದು ಮಾಡಿ. ನನ್ನ ಮಾತನ್ನು ಅವನು ಕೇಳುವುದಿಲ್ಲ, ನಿಮ್ಮದನ್ನು ಕೇಳುತ್ತಾನೆ, ಕೇಳಿಯೇ ಇಷ್ಟಾಗಿದೆ. ಶುಕ್ರವಾರ ಸಂಜೆಯೊಳಗೆ ನಮ್ಮೂರಿಗೆ ಬನ್ನಿ. ಮತ್ತೊಂದು ಸಭೆ ದಯವಿಟ್ಟು ಬೇಡ. ಆಟೋಗೆ ಮೈಕು ಕಟ್ಟಿಸಿ, ಓಣಿ ಓಣಿ ತಿರುಗಿ, ನಿಮ್ಮದೇ ದನಿಯಲ್ಲಿ ಹೇಳಿ: ನಾನು ಆಡಿದ್ದು ತಪ್ಪು, ಧೂಳು ತಿಂದ ಎದೆಗೆ ಜ್ವರ ಬೇಗ ತಾಗುತ್ತದೆ, ಬಸುರಿಯರ ಹತ್ತಿರ ಕೆಮ್ಮಿನವರು ಹೋಗಬೇಡಿ, ಜ್ವರ ಬಂದವನು ಪಾಳಿಗೆ ಬರಬೇಕಿಲ್ಲ ಎಂದು ಗುತ್ತಿಗೆದಾರರಿಗೆ ಬರೆದುಕೊಟ್ಟಿದ್ದೇನೆ. ಕೊನೆಯದನ್ನು ನಿಜವಾಗಿ ಬರೆದುಕೊಟ್ಟು ಆಮೇಲೆ ಹೇಳಿ. ಇಷ್ಟು ಮಾಡಿದರೆ, ಮೊದಲಿಗೆ ನಾನು ಎತ್ತಿಟ್ಟುಕೊಂಡ ‘ಮಾನ್ಯರೇ’ ಎಂಬ ಮಾತನ್ನು ಮುಂದಿನ ಪತ್ರದ ತಲೆಗೆ ಸಂತೋಷದಿಂದ ಬರೆಯುತ್ತೇನೆ.

ಈ ಕಾಗದವನ್ನು ಹಿತ್ತಲ ಬಿಸಿಲಿನಲ್ಲಿ ಮೂರು ತಾಸು ಒಣಗಿಸಿ, ನಿಮ್ಮ ಜೊತೆ ಊರೂ ಓದಲೆಂದು ಪತ್ರಿಕೆಯವರಿಗೆ ಕಳಿಸುತ್ತಿದ್ದೇನೆ, ಹೆದರದೆ ಮುಟ್ಟಿ. ನಿಮ್ಮ ಉತ್ತರವನ್ನು ಊರ ಉಪಕೇಂದ್ರಕ್ಕೆ ಕಳಿಸಿದರೆ ಸಾಕು. ಅಲ್ಲಿಂದ ಅದನ್ನು ಭೀಮವ್ವ ತಂದುಕೊಡಲಿ. ಆರು ದಿನದಿಂದ ನನ್ನ ಕಟ್ಟೆಯ ಮೇಲೆ ನೀರಿನ ಕೊಡ ತಂದಿಡುತ್ತಿರುವವಳು ಅವಳೇ. ಇಟ್ಟು, ನಾಲ್ಕು ಮಾರು ಹಿಂದೆ ಸರಿದು, ಮೂಗಿಗೆ ಸೆರಗು ಬಿಗಿದು, “ಬಾಯಾರ, ತಗೊಳ್ರಿ” ಎಂದು ಕೂಗುತ್ತಾಳೆ. ಈ ಊರಿನಲ್ಲಿ ಕಲಿತವಳು ಅವಳೊಬ್ಬಳೇ, ಕಲಿಸಿದ್ದು ಅನ್ನಪೂರ್ಣ. ಉತ್ತರ ಕೊಡಲು ನೀವೇ ಬಂದರೆ ಗದ್ದದ ಮೇಲಿರುವುದನ್ನು ನಾಲ್ಕು ಬೆರಳು ಏರಿಸಿಕೊಂಡು ಬನ್ನಿ. ಇಲ್ಲವಾದರೆ ಭೀಮವ್ವ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಇಂತಿ,
ಈ ವರ್ಷ ಯಾರ ಕೈಗೂ ಬನ್ನಿ ಕೊಡದೆ, ಕೊಡಬೇಕಾದ ಕೂಗನ್ನೂ ಹೊತ್ತಿಗೆ ಕೊಡದೆ ಉಳಿದ
ಸರಸ್ವತೀಬಾಯಿ
ನಿವೃತ್ತ ಆರೋಗ್ಯ ಸಹಾಯಕಿ