ಹುಡುಕಿದರೆ ಸಿಗದ ಬೀಗದಂಗಡಿ

ಇಂಟರ್‌ನೆಟ್ ಹುಡುಕಾಟದ ನಕ್ಷೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನಾನು ಬೀಗ ರಿಪೇರಿಯವನು. ನನ್ನ ಅಂಗಡಿಯ ವಿಳಾಸದಲ್ಲಿ ನಾನಲ್ಲದ ಯಾರನ್ನೋ ನೀವು ಮೊದಲ ಸ್ಥಾನದಲ್ಲಿ ಕೂರಿಸಿದ್ದೀರಿ. ಅವರಿಗೆ ಇಲ್ಲಿ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ; ಇರುವುದು ಒಂದು ಫೋನ್ ನಂಬರು ಮತ್ತು ನಿಮ್ಮ ಕೃಪೆ.

ಅಂಗಡಿಯ ಮೇಲಿನ ಮನೆಯಲ್ಲಿ ಟೀಚರಮ್ಮ ಒಬ್ಬರೇ ಇದ್ದಾರೆ. ಚಳಿಗಾಲದ ಒಂದು ಬೆಳಿಗ್ಗೆ ಅವರ ಬಚ್ಚಲಿನ ಚಿಲಕ ಸಿಕ್ಕಿಕೊಂಡಿತು. ಕೈಯಲ್ಲಿದ್ದ ಫೋನಿನಿಂದ ಬೇರೆ ಊರಿನ ಮಗಳನ್ನು ಕರೆದರು. ಆಕೆ ನಿಮ್ಮಲ್ಲಿ ಹುಡುಕಿದಳು. ತಾಯಿಯ ಕಟ್ಟಡದ್ದೇ ವಿಳಾಸ ಕಂಡಿತು. ಕೆಳಗಿನ ಅಂಗಡಿಯೇ ಎಂದುಕೊಂಡು ಫೋನ್ ಮಾಡಿದಳು. "ಈಗ್ಲೇ ಬಂದ್ವಿ ಮೇಡಂ" ಎಂದರಂತೆ. ನಾನು ಕೆಳಗೆ ಹಾಯಾಗಿ ಕೀಲಿ ಉಜ್ಜುತ್ತ ಕೂತಿದ್ದೆ.

ಮಧ್ಯಾಹ್ನ ಮೇಲೆ ಡ್ರಿಲ್ ಸದ್ದು ಕೇಳಿ ಓಡಿದೆ. ಯಾರೋ ಅಪರಿಚಿತ ಮುಂಬಾಗಿಲನ್ನೇ ಕೊರೆಯುತ್ತಿದ್ದ. ಅವನನ್ನು ಸರಿಸಿ ಬೀಗ ತೆಗೆದೆ, ಬಚ್ಚಲ ಬಾಗಿಲಿನ ಕೀಲು ಬಿಚ್ಚಿದೆ. ಟೀಚರಮ್ಮ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಡುಗುತ್ತ ಕೂತಿದ್ದರು. ನನ್ನನ್ನು ಕಂಡು, "ಕೆಳಗೇ ಇದ್ದೀಯಲ್ಲಪ್ಪ, ಮೆಟ್ಟಿಲು ಹತ್ತೋಕೆ ಇಷ್ಟು ಹೊತ್ತಾ?" ಎಂದರು.

ನನ್ನ ಫೋನ್ ರಿಂಗೇ ಆಗಿರಲಿಲ್ಲ, ಸ್ವಾಮಿ.

ಅಂದೇ ಹೆಂಡತಿಯ ತಮ್ಮನನ್ನು ಕರೆದು ನನ್ನ ಅಂಗಡಿಯ ವೆಬ್‌ಸೈಟ್ ತೋರಿಸಿದೆ. "ಭಾವ, ಸೈಟಿಗೆ ಅಥಾರಿಟಿ ಇಲ್ಲ, ಅಂದ್ರೆ ಹುಡುಕಾಟದಲ್ಲಿ ಅದಕ್ಕೆ ತೂಕ ಇಲ್ಲ. ಗಿರಾಕಿಗಳು ಒಳ್ಳೇದು ಬರೀಬೇಕು, ಬೇರೆ ಸೈಟ್‌ನವ್ರು ನಿಮ್ಮ ಕಡೆ ಕೈ ತೋರಿಸ್ಬೇಕು" ಎಂದ. ಸರಿ, ಹಾರ್ಡ್‌ವೇರ್ ಅಂಗಡಿಯವರ, ಬಾಗಿಲು ಮಾಡುವ ಬಡಗಿಯ ಸೈಟುಗಳಲ್ಲಿ ನನ್ನ ಲಿಂಕ್ ಹಾಕಿಸಿದೆ. ತುಕ್ಕು ಹಿಡಿದ ಬೀಗದ ಬಗ್ಗೆ ಲೇಖನಗಳನ್ನೇ ಬರೆದೆ. "ಮದುವೆಗೆ ಮುಂಚೆ ನನಗೊಂದು ಸಾಲು ಗೀಚಲಿಲ್ಲ, ಈಗ ತುಕ್ಕಿನ ಮೇಲೆ ಪುಟಗಟ್ಟಲೆ!" ಎಂದು ಹೆಂಡತಿ ನಕ್ಕಳು. ನಿಜಕ್ಕೂ ಹುಡುಕಾಟದ ಪಟ್ಟಿಯಲ್ಲಿ ಸೈಟು ಮೇಲೇರತೊಡಗಿತು. ಮನೆಯಲ್ಲಿ ಎಲ್ಲರಿಗೂ ಖುಷಿ.

ಆಗ ನಿಮ್ಮ ಕಚೇರಿ ಎಚ್ಚೆತ್ತಿತು. "ಈ ವಿಳಾಸದಲ್ಲಿ ಇದೇ ವ್ಯಾಪಾರ ಈಗಾಗಲೇ ಇದೆ. ನಿಮ್ಮದು ನಕಲಿ" ಎಂದು ನನ್ನನ್ನು ನಕ್ಷೆಯಿಂದಲೇ ಅಳಿಸಿದಿರಿ. ಶಟರ್ ಎತ್ತುವ ವಿಡಿಯೋ ಕಳಿಸಿದೆ, ಅದೇ ಉತ್ತರ. ಮತ್ತೆ ಕಳಿಸಿದೆ; ಅಕ್ಷರ ವ್ಯತ್ಯಾಸವಿಲ್ಲದೆ ಅದೇ. ಮನೆ ಹೊಕ್ಕ ಕಳ್ಳನನ್ನೇ ಸಾಕ್ಷಿ ಕೇಳಿ ಯಜಮಾನನನ್ನು ಹೊರದಬ್ಬುವುದು ಯಾವ ಸೀಮೆಯ ನ್ಯಾಯ? ನಾನು ನಾನೇ ಎನ್ನಲು ಇನ್ನಾರನ್ನು ಕರೆತರಲಿ? ಎಂಥ ಬೀಗವಾದರೂ ಒಂದು ಕಡೆ ಕೀಲಿ ತೂರಿಸಲು ಜಾಗ ಬಿಟ್ಟಿರುತ್ತದೆ. ನಿಮ್ಮಲ್ಲಿ ಅದೂ ಕಾಣಲಿಲ್ಲ.

ಗಿರಾಕಿಗಳು ಕರಗಿದರು. ಒಂದು ದಿನ ಆ ನಕಲಿಯವರೇ ಫೋನ್ ಮಾಡಿದರು: "ಕೆಲಸ ಗೊತ್ತಿರೋರು ಬೇಕು. ನಮ್ಮ ಹೆಸರಲ್ಲಿ ಹೋಗ್ತೀರಾ?" ಹೊಟ್ಟೆ ಕೇಳಬೇಕಲ್ಲ, ಒಪ್ಪಿದೆ. ಅವರು ನನ್ನನ್ನು ಮೊದಲು ಕಳಿಸಿದ್ದು ಟೀಚರಮ್ಮನ ಮನೆಗೆ, ಹೊಸ ಬೀಗ ಕೂರಿಸಲು; ಮಗಳು ಆ ನಂಬರನ್ನು ಇನ್ನೂ ನನ್ನದೇ ಎಂದುಕೊಂಡಿದ್ದಳು.

"ಈ ಸಲ ತಕ್ಷಣ ಬಂದ್ರಿ ಅಂಕಲ್" ಎಂದು ಮಗಳು ಫೋನಿನಲ್ಲಿ ಹಿಗ್ಗಿದಳು. ಕೂಡಲೇ ನಿಮ್ಮ ನಕ್ಷೆಯಲ್ಲಿ ಐದು ನಕ್ಷತ್ರ ಒತ್ತಿ, ನನ್ನ ಕೈಗುಣ ಹೊಗಳಿ ಬರೆದಳು. ಎಲ್ಲವೂ ಅವರ ಖಾತೆಗೆ ಹೋಯಿತು. ನನ್ನ ಒಳ್ಳೆಯ ಕೆಲಸವೇ ಈಗ ಅವರನ್ನು ಮೊದಲ ಸ್ಥಾನದಲ್ಲಿ ಭದ್ರ ಮಾಡುತ್ತಿದೆ. ಕೆಡಿಸಿ ಮಾಡೋಣವೆಂದರೆ ಕೈ ಬರುವುದಿಲ್ಲ.

ನನಗೆ ಮೊದಲ ಸ್ಥಾನ ಬೇಡ. ಕಣ್ಣು, ಕಾಲು ಇರುವ ಒಬ್ಬ ಮನುಷ್ಯನನ್ನು ನಮ್ಮ ಬೀದಿಗೆ ಕಳಿಸಿ. ಅವನು ಬಂದು ನನ್ನ ಅಂಗಡಿಯ ಮುಂದೆ ನಿಲ್ಲಲಿ, ಕಂಡದ್ದನ್ನು ಬರೆದುಕೊಳ್ಳಲಿ. ದಾರಿ ಕೇಳಲು ನಿಮ್ಮ ನಕ್ಷೆ ಮಾತ್ರ ಬೇಡ.

ಇಂತಿ,
ತನ್ನದೇ ವಿಳಾಸದಲ್ಲಿ ಪರರ ಹೆಸರಿನಲ್ಲಿ ದುಡಿಯುತ್ತಿರುವ,
ಅಸಲಿ ಬೀಗದವನು