ನೇರ ಕೈ ಮತ್ತು ಅಮ್ಮನ ದನಿ

ಅಣ್ಣ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ಮೊನ್ನೆ ಅಪ್ಪನ ಹುಟ್ಟುಹಬ್ಬದ ದಿನ, ಚಿಕ್ಕಪ್ಪ, ಸೋದರತ್ತೆಯರೆಲ್ಲ ತುಂಬಿದ್ದ ನಿನ್ನ ಮನೆಯ ಹಜಾರದಲ್ಲಿ ಅಪ್ಪನನ್ನೇ ಮರೆಗುಳಿ ಮಾಡಿ ಕೂರಿಸಿದೆಯಲ್ಲ, ಅದನ್ನು ನುಂಗಿಕೊಂಡಿರಲು ನನ್ನಿಂದ ಆಗುತ್ತಿಲ್ಲ.

ನಮ್ಮಿಬ್ಬರ ವಾದ ಹಳೆಯದು. ರೆಕಾರ್ಡ್ ಪ್ಲೇಯರ್ ರಿಪೇರಿ ನನಗೆ ಹೊಟ್ಟೆಪಾಡು, ನಿನಗೆ ಶೋಕಿ. ನನ್ನ ಪ್ಲೇಯರಿನಲ್ಲಿ ಹಾಡಿನ ತಟ್ಟೆಯ ಮೇಲೆ ಮುಳ್ಳನ್ನು ಹೊತ್ತು ಸಾಗುವ ಕೈ ಎಲ್ಲರ ಮನೆಯಲ್ಲಿರುವಂಥದ್ದೇ. ಮೂಲೆಯಲ್ಲೊಂದು ಕೀಲು, ಬಾಗಿಲು ತಿರುಗಿದಂತೆ ಕಮಾನಾಗಿ ಒಳಕ್ಕೆ ಸರಿಯುತ್ತದೆ. ನೀನು ಕಟ್ಟಿಕೊಂಡದ್ದು ಕಂಬಿಯ ಮೇಲೆ ಅಂಚಿನಿಂದ ನಡುವಿಗೆ ನೇರ ಸಾಗುವ ಕೈ. "ತಟ್ಟೆ ಕೊರೆದ ಮುಳ್ಳು ನೆಟ್ಟಗೆ ಹೋಗಿದೆ, ಓದೋ ಮುಳ್ಳೂ ನೆಟ್ಟಗೇ ಹೋಗ್ಬೇಕು" ಎಂದು ನೀನು. "ಕೈಗೇ ಬೇರೆ ಮೋಟಾರು, ಬೆಲ್ಟು ಅಂತ ಇಲ್ಲದ ತಾಪತ್ರಯ ಯಾರಿಗೆ ಬೇಕು" ಎಂದು ನಾನು. "ನಿಮ್ಮಿಬ್ಬರ ಕೈ ಜಗಳದಲ್ಲಿ ನನ್ನ ಕೈಗೆ ಕಾಫಿ ಲೋಟ ತೊಳೆಯೋದೇ ಆಯ್ತು" ಎಂದು ಅತ್ತಿಗೆ. ಅಲ್ಲಿಯವರೆಗೆ ಎಲ್ಲ ತಮಾಷೆಯೇ.

ಅಮ್ಮ ಹಾಡಿ ಬಿಟ್ಟುಹೋಗಿರುವ ಒಂದೇ ಒಂದು ತಟ್ಟೆಯ ವಿಷಯಕ್ಕೆ ಬಂದಾಗ ನೀನು ತಮಾಷೆ ಬಿಟ್ಟೆ. ಅದರ ಕೊನೆಯ ಚರಣದಲ್ಲಿ ಅವಳ ದನಿ ಒಡೆಯುತ್ತದೆ. ತಟ್ಟೆಯ ನಡು ಹತ್ತಿರವಾದಂತೆ ನನ್ನಂಥ ಕೈಯ ಮುಳ್ಳು ಓರೆಯಾಗಿ ದನಿ ಕೆಡುವುದುಂಟು, ಒಪ್ಪುತ್ತೇನೆ. ಅಷ್ಟನ್ನೇ ಹಿಡಿದು ನೆಂಟರ ಮನೆ ಮನೆಯಲ್ಲಿ ಹೇಳಿಕೊಂಡು ಬಂದೆ: "ಒಡೆದದ್ದು ಅಮ್ಮನ ಗಂಟಲಲ್ಲ, ಇವಳ ಸೊಟ್ಟ ಕೈ ಮಾಡಿದ ಕೆಲಸ."

ಆ ಹಾಡು ರೆಕಾರ್ಡ್ ಆದ ದಿನ ನೀನು ಹಾಸ್ಟೆಲಿನಲ್ಲಿದ್ದೆ. ನಾನು ಸ್ಟುಡಿಯೋದ ಗಾಜಿನಾಚೆ ಅಪ್ಪನ ಪಕ್ಕ ಕೂತಿದ್ದೆ. ಮರುವಾರ ಅಮ್ಮನ ಗಂಟಲಿಗೆ ಆಪರೇಷನ್. ಆಮೇಲೆ ಹಾಡುವ ಮಾತಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ದನಿ ಒಡೆದಾಗ ರೆಕಾರ್ಡಿಂಗಿನವರು, "ಇನ್ನೊಂದ್ಸಲ ಹಾಡಿಬಿಡಿ ಅಮ್ಮ" ಎಂದರು. ಅಮ್ಮ ನೀರು ಕುಡಿದು, "ಬೇಡ. ಇರೋದು ಇದ್ದ ಹಾಗೇ ಉಳೀಲಿ" ಎಂದಳು. ಇದನ್ನು ಹೇಳಿದಾಗಲೆಲ್ಲ ನಿನ್ನದು ಒಂದೇ ಉತ್ತರ: "ನೀನಾಗ ಚಿಕ್ಕೋಳು, ನಿಂಗೇನು ನೆನಪಿರುತ್ತೆ."

ಕೊನೆಗೆ ನಾನೇ ತಟ್ಟೆ ತಂದು ನಿನ್ನ ನೇರ ಕೈಗೆ ಒಪ್ಪಿಸಿದೆ. ಇಬ್ಬರೂ ಕೂತು ಕೇಳಿದೆವು. ನಿಜ ಹೇಳುತ್ತೇನೆ, ನಿನ್ನ ಕೈ ನನ್ನದಕ್ಕಿಂತ ಚೆನ್ನಾಗಿತ್ತು. ಪಿಟೀಲಿನ ಎಳೆ ಎಳೆಯೂ ಬಿಡಿಯಾಗಿ ಕೇಳಿಸಿತು. ಕೊನೆಯ ಚರಣದಲ್ಲಿ ಅಮ್ಮನ ದನಿ ಒಡೆದದ್ದು ಎಂದಿಗಿಂತ ಸ್ಪಷ್ಟವಾಗಿತ್ತು. ಅವಳು ಉಸಿರೆಳೆದು ಮತ್ತೆ ಸ್ವರ ಹಿಡಿದದ್ದೂ ಕೇಳಿಸಿತು. ನೀನು ನನ್ನ ಮುಖ ನೋಡಲಿಲ್ಲ. "ಇನ್ನೂ ಸ್ವಲ್ಪ ಅಡ್ಜಸ್ಟ್ ಮಾಡ್ಬೇಕು" ಎಂದು ತಟ್ಟೆ ಇಟ್ಟುಕೊಂಡೆ.

ನೀನು ಅಡ್ಜಸ್ಟ್ ಮಾಡಿದ್ದು ಕೈಯನ್ನಲ್ಲ, ಅಮ್ಮನನ್ನು. ಹುಟ್ಟುಹಬ್ಬದ ದಿನ ಕೊನೆಯ ಚರಣ ಬೆಣ್ಣೆಯಂತೆ ಜಾರಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಮಾತ್ರ ಕುರ್ಚಿಯ ತುದಿಗೆ ಬಂದು ಆ ಒಡಕಿಗಾಗಿ ಕಾಯುತ್ತಲೇ ಇದ್ದರು. "ಯಾರಮ್ಮ ಇದು ಹಾಡಿದ್ದು?" ಎಂದು ನನ್ನನ್ನು ಕೇಳಿದರು. ನೀನು ನಕ್ಕು, "ಅಪ್ಪಂಗೆ ಈಚೆಗೆ ಮರೆವು ಜಾಸ್ತಿ" ಎಂದೆ. ಸೋದರತ್ತೆ ಲೊಚಗುಟ್ಟಿದರು. ಎಲ್ಲರೂ ಊಟಕ್ಕೆ ಎದ್ದಾಗ ನಾನು ಪ್ಲೇಯರಿನ ಹಿಂಬದಿ ನೋಡಿದೆ. ಅದರ ವಯರು ಸ್ಪೀಕರಿಗೆ ಸೇರಿರಲೇ ಇಲ್ಲ. ತಟ್ಟೆ ಬರೀ ತೋರಿಕೆಗೆ ತಿರುಗುತ್ತಿತ್ತು. ಹಾಡಿದ್ದು ನಿನ್ನ ಕಂಪ್ಯೂಟರು, ನೀನು ಕತ್ತರಿಸಿ ತೇಪೆ ಹಾಕಿದ ಅಮ್ಮ. ತಟ್ಟೆಯನ್ನು ಎತ್ತಿಕೊಂಡು ಅಪ್ಪನನ್ನು ಅಂದೇ ನನ್ನ ಮನೆಗೆ ಕರೆದುಕೊಂಡು ಬಂದದ್ದು ಅದಕ್ಕೇ.

ಮಾರನೆಯ ಬೆಳಗ್ಗೆ ನನ್ನ ಸೊಟ್ಟ ಕೈಯಲ್ಲೇ ಹಾಡು ಹಾಕಿದೆ. ದನಿ ಒಡೆಯಿತು. ಅಪ್ಪ, "ಹಾಗಾದ್ರೆ ನಂಗೆ ಮರೆವಲ್ಲ, ಅಲ್ವಾ?" ಎಂದು ಕೇಳಿದರು. ಅದು ಹೆಂಡತಿಯ ದನಿಯಲ್ಲವೆಂದು ಗುರುತಿಸಿದ್ದಕ್ಕೆ ಆ ಮನುಷ್ಯ ತನ್ನ ಬುದ್ಧಿಯನ್ನೇ ಅನುಮಾನಿಸುತ್ತಿದ್ದರು. ನಿನಗೆ ಹೇಗೆ ಮನಸ್ಸು ಬಂತು?

ಭಾನುವಾರ ಚಿಕ್ಕಪ್ಪನಿಗೂ ಸೋದರತ್ತೆಯರಿಗೂ ಇಲ್ಲಿಗೆ ಬರಲು ಹೇಳಿದ್ದೇನೆ. ನಿನ್ನ ನೇರ ಕೈಯನ್ನು ಹೊತ್ತುಕೊಂಡು ಬಾ. ವಯರು ನಾನೇ ಸೇರಿಸುತ್ತೇನೆ. ಹಾಡು ಮುಗಿದ ಮೇಲೆ, ಮರೆವು ಯಾರದ್ದೆಂದು ಅಪ್ಪನ ಕೈ ಹಿಡಿದು ನೀನೇ ಹೇಳು.

ಅತ್ತಿಗೆಗೂ ಮಕ್ಕಳಿಗೂ ಸದಾ ಒಳ್ಳೆಯದಾಗಲಿ. ನಿನಗೆ ಭಾನುವಾರದ ನಂತರ.

ಇನ್ನೂ ಸಿಟ್ಟಿಳಿಯದ,
ನಿನ್ನ ತಂಗಿ